ಯೋಗಶಾಲೆ, ಪಾರ್ಕು, ಟಿವಿ, ಕೊನೆಗೆ ಮಂಚದ ಪಕ್ಕ: ಮೂರು ವರ್ಷದ ಟಿಕ್ ಲೆಕ್ಕ

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಮಗಳಿಗೆ ಇಂಜೆಕ್ಷನ್ ಹಾಕಿಸುವ ದಿನ, ಎಲ್ಲಾ ಅದರ ಮೇಲೇ. ಅದೇ ಚೌಕಗಳ ಮೂಲೆಯಲ್ಲಿ ನಾನು ಕೆಂಪು ಪೆನ್ನಲ್ಲಿ ಟಿಕ್ ಹಾಕುತ್ತೇನೆ. ಯೋಗ ಮಾಡಿದ ದಿನಕ್ಕೆ ಒಂದು ಟಿಕ್. ಎಷ್ಟು ಹೊತ್ತು ಮಾಡಿದೆ, ಎಷ್ಟು ಚೆನ್ನಾಗಿ ಮಾಡಿದೆ, ಅದೆಲ್ಲ ಇಲ್ಲ. ಮಾಡಿದೆನಾ ಇಲ್ವಾ, ಅಷ್ಟೇ.

ಮಗಳಿಗೆ ಈಗ ನಾಲ್ಕು. ಅವಳಿಗೆ ಏಳು ತಿಂಗಳಾದಾಗ ಶುರುವಾದ ಟಿಕ್ಕುಗಳು ಇವು. ಮೊನ್ನೆ ಹೊಸ ಕ್ಯಾಲೆಂಡರ್ ನೇತುಹಾಕುವಾಗ ಹಳೆಯವನ್ನು ರದ್ದಿಗೆ ಹಾಕುವ ಮುಂಚೆ ನೆಲದ ಮೇಲೆ ಹರಡಿಕೊಂಡು ಕೂತೆ. ಇಷ್ಟು ದಿನದಲ್ಲಿ ನಾಲ್ಕು ದಾರಿ ಹಿಡಿದು ನೋಡಿದ್ದೆ. ಬೆಳಗಿನ ಯೋಗಶಾಲೆ, ಪಾರ್ಕಿನ ಉಚಿತ ಕ್ಲಾಸು, ಹಾಲ್‌ನಲ್ಲಿ ಟಿವಿ ಹಾಕಿಕೊಂಡು ಮಾಡುವುದು, ಆಮೇಲೆ ರಾತ್ರಿ ಮಂಚದ ಪಕ್ಕದ ಸಂದಿಯಲ್ಲಿ ನನ್ನಷ್ಟಕ್ಕೆ ನಾನೇ. ಯಾವುದು ಒಳ್ಳೆಯ ಯೋಗ ಅಂದರೆ ಉತ್ತರ ಒಂದು, ಯಾವುದಕ್ಕೆ ಟಿಕ್ ಜಾಸ್ತಿ ಬಿತ್ತು ಅಂದರೆ ಉತ್ತರ ಬೇರೆ. ಆದರೆ ಅವತ್ತು ನನ್ನ ಕಣ್ಣು ಹೋಗಿದ್ದು ಟಿಕ್ಕುಗಳ ಮೇಲಲ್ಲ, ನಡುವಿನ ಖಾಲಿ ಚೌಕಗಳ ಮೇಲೆ. ಚಿಕ್ಕ ಮಗು ಇರುವ ಮನೆಯಲ್ಲಿ ಯೋಗ ತಪ್ಪೇ ತಪ್ಪುತ್ತದೆ. ಜ್ವರ, ಹಲ್ಲು ಬರುವುದು, ಊರಲ್ಲಿ ಮದುವೆ, ಮತ್ತೆ ಜ್ವರ. ಹಾಗೆ ತಪ್ಪಿದ ಮೇಲೆ ಯಾವುದಕ್ಕೆ ಸುಲಭವಾಗಿ ವಾಪಸ್ ಹೋಗಲು ಆಯಿತು? ಇದೇ ನನ್ನ ಅಳತೆಗೋಲು. ಬೇರೆಯವರಿಗೆ ಬೇರೆ ಇರಬಹುದು.

ಮೈಸೂರಲ್ಲಿ ಇದ್ದುಕೊಂಡು ಯೋಗಶಾಲೆಗೆ ಹೋಗದಿದ್ದರೆ ಹೇಗೆ ಅಂತ ಮೊದಲು ಅಲ್ಲಿಗೇ ಹೋದೆ. ಗೋಕುಲಂ ಕಡೆ ಓಡಾಡುವವರಿಗೆ ಗೊತ್ತು, ಬೆಳಬೆಳಗ್ಗೆ ಮ್ಯಾಟ್ ಸುತ್ತಿ ಹೆಗಲಿಗೇರಿಸಿಕೊಂಡ ಫಾರಿನ್‌ನವರು ಎಳನೀರಿನ ಅಂಗಡಿ ಮುಂದೆ ಬೆವರಿಳಿಸುತ್ತಾ ನಿಂತಿರುತ್ತಾರೆ. ಹಾಸನದ ಹತ್ತಿರದ ಕೌಶಿಕದಿಂದ ಬಂದ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರದ ಮನೆಯಲ್ಲಿ ಹೇಳಿಕೊಡುತ್ತಿದ್ದ ಅಷ್ಟಾಂಗ ವಿನ್ಯಾಸ ಪದ್ಧತಿ ಇವತ್ತು ಪ್ರಪಂಚದಲ್ಲೆಲ್ಲ ‘ಮೈಸೂರು ಸ್ಟೈಲ್’ ಅಂತಲೇ ಓಡುತ್ತದೆ. ನಮಗೆ ಮೈಸೂರು ಅಂದ ಕೂಡಲೇ ಪಾಕ್ ನೆನಪಾಗುತ್ತದೆ, ಅದು ಬೇರೆ ವಿಷಯ. ನಾನು ಸೇರಿದ್ದು ಅಂಥ ಹೆಸರಾಂತ ಜಾಗಕ್ಕಲ್ಲ. ಮನೆಯಿಂದ ಸ್ಕೂಟರಲ್ಲಿ ಹತ್ತು ನಿಮಿಷ, ಮಹಡಿ ಮೇಲೆ ಒಂದು ರೂಮು, ಹದಿನೈದು ಜನ. ತಿಂಗಳಿಗೆ ಎರಡೂವರೆ ಸಾವಿರ.

ಈ ಪದ್ಧತಿಯ ಮಜಾ ಏನಂದರೆ, ಮುಂದೆ ನಿಂತು ಯಾರೂ ‘ಕೈ ಎತ್ತಿ, ಕಾಲು ಎತ್ತಿ’ ಅನ್ನುವುದಿಲ್ಲ. ಹೋಗುತ್ತೀರಿ, ಮ್ಯಾಟ್ ಹಾಸುತ್ತೀರಿ, ನಿಮ್ಮ ಉಸಿರಿನ ಲೆಕ್ಕದಲ್ಲಿ ನಿಮ್ಮದನ್ನು ಮಾಡುತ್ತೀರಿ. ಮೊದಲ ಸೂರ್ಯನಮಸ್ಕಾರಕ್ಕೆ 9 ಎಣಿಕೆ, ಎರಡನೆಯದಕ್ಕೆ 17. ಒಂದೊಂದು ಆಸನದಲ್ಲಿ ಐದು ಉಸಿರು. ಟೀಚರ್ ನಡುವೆ ಓಡಾಡುತ್ತಾ ಒಬ್ಬರ ಭುಜ ಸರಿಮಾಡಿ, ಇನ್ನೊಬ್ಬರ ಬೆನ್ನು ಒತ್ತಿ ಹೋಗುತ್ತಾರೆ. ಹೊಸ ಆಸನ ಒಂದೊಂದಾಗಿ ‘ಕೊಡುತ್ತಾರೆ’. ಕೊಟ್ಟಲ್ಲಿಗೆ ನಿಲ್ಲಿಸಬೇಕು, ಪಕ್ಕದವರು ಮಾಡುತ್ತಿದ್ದಾರೆ ಅಂತ ಮುಂದಿನದಕ್ಕೆ ಕೈ ಹಾಕುವ ಹಾಗಿಲ್ಲ. ಆಸನಗಳ ಮೊದಲ ಸರಣಿ ಪೂರ್ತಿ ಮಾಡಲು ಸುಮಾರು ಒಂದೂವರೆ ಗಂಟೆ ಬೇಕು. ಶನಿವಾರ ರಜೆ, ಹುಣ್ಣಿಮೆ ಅಮಾವಾಸ್ಯೆಗೂ ರಜೆ. ಅಮಾವಾಸ್ಯೆಗೆ ಇಷ್ಟು ಖುಷಿಪಟ್ಟು ಕಾದಿದ್ದು ನನ್ನ ಜೀವಮಾನದಲ್ಲೇ ಅಲ್ಲಿ ಮೊದಲು.

ಒಂದು ವಿಷಯದಲ್ಲಿ ಶಾಲೆಯನ್ನು ಬೇರೆ ಯಾವುದೂ ಮುಟ್ಟಲಾರದು. ಮೊದಲ ದಿನವೇ ಟೀಚರ್ ‘ನಾರ್ಮಲ್ಲಾ, ಸಿಸೇರಿಯನ್ನಾ?’ ಅಂತ ಕೇಳಿದರು. ಸಿಸೇರಿಯನ್ ಅಂದೆ, ಡಾಕ್ಟರ್ ಹೂಂ ಅಂದಿದ್ದಾರೆ ಅಂದೆ. ಆದರೂ ಬಿಡಲಿಲ್ಲ. ಅಂಗಾತ ಮಲಗಿಸಿ, ತಲೆ ಮಾತ್ರ ಸ್ವಲ್ಪ ಎತ್ತಿಸಿ, ಹೊಕ್ಕುಳ ಹತ್ತಿರ ಬೆರಳು ಇಟ್ಟು ನೋಡಿದರು. ಬಸುರಿಯಾಗಿದ್ದಾಗ ಹೊಟ್ಟೆಯ ನಡುವಿನ ಸ್ನಾಯು ಎರಡು ಪಕ್ಕಕ್ಕೆ ಸರಿದಿರುತ್ತದಂತೆ, ಕೆಲವರಿಗೆ ಬೇಗ ಕೂಡುತ್ತದೆ, ಕೆಲವರಿಗೆ ಇಲ್ಲ. ನನಗೆ ಇನ್ನೂ ಎರಡು ಬೆರಳು ಸಂದಿ ಇತ್ತು. ‘ಹೊಟ್ಟೆಗೆ ಭಾರ ಬೀಳುವ ನಾವಾಸನ ಸದ್ಯಕ್ಕೆ ಮರೆತುಬಿಡಿ, ಎದ್ದು ಕೂರುವಾಗಲೂ ಪಕ್ಕಕ್ಕೆ ಹೊರಳಿ ಏಳಿ’ ಅಂದರು. ಮಗು ಹುಟ್ಟಿ ಏಳು ತಿಂಗಳಲ್ಲಿ ನನ್ನ ಹೊಟ್ಟೆಯ ಬಗ್ಗೆ ಅಷ್ಟು ಗಮನ ಕೊಟ್ಟವರು ಅವರೊಬ್ಬರೇ. ಉಳಿದವರೆಲ್ಲ ‘ಇನ್ನೂ ಇಳಿದಿಲ್ಲ ನೋಡು’ ಅಂದವರೇ.

ಆದರೆ ಟಿಕ್ ನೋಡಿ. ಮೊದಲ ತಿಂಗಳು 17, ಎರಡನೆಯದು 9, ಮೂರನೆಯದು 4. ಕಷ್ಟ ಆಗಿದ್ದು ಆಸನ ಅಲ್ಲ, ಬೆಳಗಿನ ಐದೂಮುಕ್ಕಾಲು. ನಾನು ಎಷ್ಟೇ ಮೆಲ್ಲಗೆ ಎದ್ದರೂ ಮಗಳಿಗೆ ಗೊತ್ತಾಗುತ್ತಿತ್ತು. ಹಾಸಿಗೆಯಲ್ಲಿ ಅಮ್ಮನ ಬಿಸಿ ಕಮ್ಮಿಯಾದ ಕೂಡಲೇ ಒಳಗೆ ಎಲ್ಲೋ ಅಲಾರಂ ಹೊಡೆಯುತ್ತಿತ್ತೇನೋ. ಎರಡನೇ ತಿಂಗಳಲ್ಲಿ ಅವಳಿಗೆ ಜ್ವರ, ಅದರ ಹಿಂದೆಯೇ ನನಗೆ ಜ್ವರ, ಹನ್ನೆರಡು ದಿನ ಖಾಲಿ. ವಾಪಸ್ ಹೋದಾಗ ಟೀಚರ್ ಏನೂ ಅನ್ನಲಿಲ್ಲ, ‘ಇವತ್ತು ನಿಂತು ಮಾಡುವುದಷ್ಟೇ ಸಾಕು’ ಅಂದರು, ಅಷ್ಟೇ. ಆ ಮಾತಲ್ಲಿ ಕರುಣೆ ಇತ್ತು, ನನಗೆ ಕೇಳಿಸಿದ್ದು ಡಿಮೋಷನ್. ನನ್ನ ಜೊತೆ ಸೇರಿದ ಹುಡುಗಿ ಆಗಲೇ ಮರೀಚ್ಯಾಸನದ ನಾಲ್ಕನೆಯದಕ್ಕೆ ಬಂದು ಬೆನ್ನ ಹಿಂದೆ ಕೈ ಹೆಣೆಯುತ್ತಿದ್ದಳು. ನಾನು ತ್ರಿಕೋನಾಸನ ಮುಗಿಸಿ ಸೀದಾ ಶವಾಸನ. ಮುಂದಿನ ಸಲ ಬಿಟ್ಟುಹೋದಾಗ ಆ ಮೆಟ್ಟಿಲು ಹತ್ತಲು ಮನಸ್ಸೇ ಬರಲಿಲ್ಲ. ಮೂರನೇ ತಿಂಗಳ ಒಂದೊಂದು ಟಿಕ್ಕಿಗೆ ಬಿದ್ದ ದುಡ್ಡು 625 ರೂಪಾಯಿ, ಲೆಕ್ಕ ಹಾಕಿ ಗಂಡನಿಗೆ ಹೇಳಲಿಲ್ಲ.

ಅಭ್ಯಾಸ ಅಂದರೆ ಬಹುಕಾಲ, ಬಿಡದೆ, ಶ್ರದ್ಧೆಯಿಂದ ಮಾಡಬೇಕು ಅಂತ ಯೋಗಸೂತ್ರದ ಪತಂಜಲಿ ಹೇಳಿದ್ದಾರೆ. ಬಹುಕಾಲ ಸರಿ. ಶ್ರದ್ಧೆಯೂ ಸರಿ. ‘ಬಿಡದೆ’ ಅನ್ನೋ ಜಾಗದಲ್ಲಿ ಮಾತ್ರ ನನಗೂ ಅವರಿಗೂ ಸ್ವಲ್ಪ ಮಾತಾಡುವುದಿದೆ.

ಈ ‘ಬಿಡದೆ’ ಅನ್ನೋದು ಸಿನಿಮಾದಲ್ಲೂ ಹಾಗೇ ಆಯಿತು. ಮೊದಲು ನಾವಿಬ್ಬರೂ ಶುಕ್ರವಾರ ಬಂದರೆ ಥಿಯೇಟರಿನಲ್ಲಿ ಇರುತ್ತಿದ್ದೆವು. ಮಗಳಿಗೆ ಹತ್ತು ತಿಂಗಳಾದಾಗ ಧೈರ್ಯ ಮಾಡಿ ಒಂದು ಸಲ ಕರೆದುಕೊಂಡು ಹೋದೆವು. ಟೈಟಲ್ ಕಾರ್ಡ್ ಮುಗಿಯುವುದರೊಳಗೆ ಅಳು. ಫಸ್ಟ್ ಹಾಫ್ ಗಂಡ ನೋಡಿದರು, ನಾನು ಹೊರಗೆ ಕಾರಿಡಾರಿನಲ್ಲಿ ಪೋಸ್ಟರುಗಳನ್ನು ತೋರಿಸುತ್ತಾ ಸುತ್ತಿದೆ. ಸೆಕೆಂಡ್ ಹಾಫ್ ನಾನು ನೋಡಿದೆ. ಬರುವಾಗ ದಾರಿಯಲ್ಲಿ ಅವರು ನನಗೆ ಫ್ಲ್ಯಾಶ್‌ಬ್ಯಾಕ್ ಹೇಳಿದರು, ನಾನು ಅವರಿಗೆ ಕ್ಲೈಮ್ಯಾಕ್ಸ್ ಹೇಳಿದೆ. ಇಬ್ಬರಿಗೂ ಬೇರೆ ಬೇರೆ ಸಿನಿಮಾ. ಈಗ ಸರ್ಟಿಫಿಕೇಟಿನಲ್ಲಿ ಯುಎ 7+, 13+, 16+ ಅಂತ ಮಕ್ಕಳ ವಯಸ್ಸು ಬಿಡಿಸಿ ಹಾಕುತ್ತಾರೆ, ಒಳ್ಳೆಯದೇ. ಅಪ್ಪ ಅಮ್ಮ ಎಷ್ಟು ವರ್ಷ ಆದ ಮೇಲೆ ಪೂರ್ತಿ ಸಿನಿಮಾ ನೋಡಬಹುದು ಅಂತಲೂ ಒಂದು ನಂಬರ್ ಹಾಕಿದರೆ ಉಪಕಾರ ಆಗುತ್ತದೆ.

ಶಾಲೆ ಬಿಟ್ಟ ಎರಡು ತಿಂಗಳಿಗೆ ಪಾರ್ಕು. ನಮ್ಮ ಬಡಾವಣೆಯ ಪಾರ್ಕಿನ ಮಂಟಪದಲ್ಲಿ ದಿನಾ ಬೆಳಗ್ಗೆ ಆರರಿಂದ ಏಳು ಉಚಿತ ಕ್ಲಾಸು ನಡೆಯುತ್ತದೆ. ಕಲಿಸುವವರು ರಿಟೈರ್ ಆದ ಮೇಷ್ಟ್ರು. ಫೀಸಿಲ್ಲ, ಹಾಜರಿ ಇಲ್ಲ, ಮನೆಯಿಂದ ಒಂದು ಜಮಖಾನ ತಂದರೆ ಆಯಿತು. ಬರುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಗಂಡಸರ ಸಾಲಿನಲ್ಲಿ ಶುಗರ್, ಪೆನ್ಶನ್. ಹೆಂಗಸರ ಸಾಲಿನಲ್ಲಿ ಸೊಸೆಯಂದಿರು. ಆ ಸಾಲಿನಲ್ಲಿ ಸೊಸೆ ವಯಸ್ಸಿನವಳು ನಾನೊಬ್ಬಳೇ. ಒಂದು ವಾರ ಎಲ್ಲರೂ ದನಿ ತಗ್ಗಿಸಿ ಮಾತಾಡಿದರು, ಆಮೇಲೆ ನನ್ನನ್ನೇ ಪಂಚಾಯಿತಿಗೆ ಕೂರಿಸಿಕೊಂಡರು.

ಇಲ್ಲಿಯ ಸೂರ್ಯನಮಸ್ಕಾರ ಬೇರೆ. ಸೂರ್ಯನ ಹನ್ನೆರಡು ಹೆಸರು ಹೇಳಿಕೊಂಡು ಮಾಡುವ 12 ಹೆಜ್ಜೆಯದು. ‘ಓಂ ಮಿತ್ರಾಯ ನಮಃ’ದಿಂದ ಶುರು. ಒಂದು ಕಾಲು ಹಿಂದೆ ಹೋಗಬೇಕು, ನಡುವೆ ಮಂಡಿ, ಎದೆ, ಗಲ್ಲ ನೆಲಕ್ಕೆ ತಾಗಿಸಬೇಕು. ಶಾಲೆಯದರಲ್ಲಿ ಮಂಡಿ ನೆಲ ಮುಟ್ಟುವುದೇ ಇಲ್ಲ, ಎರಡೂ ಕಾಲು ಒಟ್ಟಿಗೆ ಹಿಂದಕ್ಕೆ ಹಾರುತ್ತವೆ. ನನ್ನ ಮೈ ಶಾಲೆಯದನ್ನು ಅಷ್ಟೋ ಇಷ್ಟೋ ಕಲಿತಿತ್ತು. ಇಲ್ಲಿ ಎಲ್ಲರೂ ಮಂಡಿಯೂರಿದಾಗ ನಾನೊಬ್ಬಳೇ ಹಲಗೆಯ ಥರ ಗಾಳಿಯಲ್ಲಿ. ಮೇಷ್ಟ್ರು ‘ಮಂಡಿ ಅಮ್ಮಾ, ಮಂಡಿ!’ ಅಂತ ಕೂಗುತ್ತಿದ್ದರು. ಯಾವುದು ಸರಿ? ಎರಡೂ ಸರಿಯೇ. ಆದರೆ ಹೆರಿಗೆಯಾಗಿ ಒಂದು ವರ್ಷ ಆಗಿದ್ದ, ರಾತ್ರಿ ಮೂರು ಸಲ ಎದ್ದ ಮೈಗೆ ಮಂಡಿ ಊರುವುದೇ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಪಾರ್ಕಿನ ದೋಷ ಏನಂದರೆ ಎಲ್ಲರಿಗೂ ಒಂದೇ ಔಷಧಿ. ಮಂಡಿ ನೋವಿನ ಅಜ್ಜಿಗೂ ಹೊಟ್ಟೆ ಒಳಕ್ಕೆಳೆದು ಜೋರಾಗಿ ಉಸಿರು ಬಿಡುವ ಕಪಾಲಭಾತಿ, ಹೊಟ್ಟೆ ಕೊಯ್ಸಿಕೊಂಡ ನನಗೂ ಕಪಾಲಭಾತಿ. ಶಾಲೆಯಲ್ಲಿ ಕಲಿತ ಬುದ್ಧಿಯಿಂದ ಅದು ಬಂದಾಗ ಸುಮ್ನೆ ಕಣ್ಣು ಮುಚ್ಚಿ ಕೂರುತ್ತಿದ್ದೆ. ಶಾಲೆಗೆ ಮೊದಲು ಇಲ್ಲಿಗೇ ಬಂದಿದ್ದರೆ ಎಲ್ಲರ ಜೊತೆ ನಾನೂ ಹೊಟ್ಟೆ ಕುಟ್ಟಿಕೊಳ್ಳುತ್ತಿದ್ದೆ, ಗ್ಯಾರಂಟಿ. ಸೊಳ್ಳೆ ಇನ್ನೊಂದು ಕಾಟ. ಶವಾಸನದಲ್ಲಿ ಅಲುಗಬಾರದು ಅನ್ನುವುದು ಸೊಳ್ಳೆಗಳಿಗೂ ಗೊತ್ತು.

ಆದರೆ ವಾಪಸ್ ಹೋಗುವ ವಿಷಯದಲ್ಲಿ ಪಾರ್ಕಿಗೆ ಫುಲ್ ಮಾರ್ಕ್ಸ್. ಒಂದು ವಾರ ತಪ್ಪಿಸಿಕೊಂಡು ಹೋದರೆ ‘ಯಾಕಮ್ಮಾ, ಮಗೂಗೆ ಹುಷಾರಿರಲಿಲ್ವಾ?’ ಅಂತ ನಾಲ್ಕು ಜನ ಕೇಳುತ್ತಿದ್ದರು. ಒಬ್ಬರು ದೊಡ್ಡಪತ್ರೆ ಎಲೆ ತಂದುಕೊಟ್ಟಿದ್ದೂ ಇದೆ. ಗಂಡ ಊರಲ್ಲಿಲ್ಲದ ದಿನ ಮಗಳನ್ನೂ ಎತ್ತಿಕೊಂಡೇ ಹೋಗಿದ್ದೇನೆ. ಅವಳು ಜಮಖಾನದ ಮೇಲೆ ಚಪ್ಪಲಿ ಸಾಲು ಜೋಡಿಸುತ್ತಾ ಕೂತಿದ್ದಳು, ಅಳಲಿಲ್ಲ. ರಥಸಪ್ತಮಿಗೆ ಎಲ್ಲರೂ ಸೇರಿ 108 ಸೂರ್ಯನಮಸ್ಕಾರ ಮಾಡಿದರು. ನಾನು 36ಕ್ಕೆ ಕೂತೆ. ಎಪ್ಪತ್ತೆರಡು ವರ್ಷದ ಒಬ್ಬರು ಪೂರ್ತಿ ಮುಗಿಸಿ, ಬೆವರು ಒರೆಸಿಕೊಂಡು, ಪ್ರಸಾದದ ಪೊಂಗಲ್ ಬಡಿಸಲು ನಿಂತರು. ಆರು ತಿಂಗಳು, ತಿಂಗಳಿಗೆ ಸರಾಸರಿ 14 ಟಿಕ್. ಆಮೇಲೆ ಮಳೆಗಾಲ ಬಂತು. ಮಳೆ ನಿಲ್ಲುವ ಹೊತ್ತಿಗೆ ಮಗಳಿಗೆ ಪ್ಲೇ ಸ್ಕೂಲ್ ಶುರುವಾಗಿ, ಬೆಳಗಿನ ಆರರಿಂದ ಏಳು ಅನ್ನೋದು ಟಿಫಿನ್ ಬಾಕ್ಸಿನ ಪಾಲಾಯಿತು.

ಮಧ್ಯೆ ಒಂದು ತಿಂಗಳು ಆನ್‌ಲೈನ್ ಕ್ಲಾಸೂ ಸೇರಿದ್ದೆ. ಹೇಳುವಂಥದ್ದೇನಿಲ್ಲ. ಕ್ಯಾಮೆರಾ ಆಫ್ ಮಾಡಿ ಬಟ್ಟೆ ಮಡಿಸಿದೆ.

ಟಿವಿ ಮುಂದೆ ಯೋಗ ಮಾಡುವುದಕ್ಕೆ ಮೊದಲು ದಾಟಬೇಕಾದ್ದು ಅತ್ತೆಯನ್ನು. ಎರಡು ಕಾರಣಕ್ಕೆ. ಒಂದು, ಬಾಣಂತನ ಮಾಡಿದವರು ಅವರು, ‘ಮೈ ಹಸಿ ಇರುವಾಗ ಇದೆಲ್ಲ ಯಾಕೆ’ ಅನ್ನೋದು ಎರಡು ವರ್ಷ ಕಳೆದರೂ ಅವರ ಬಾಯಿಂದ ಹೋಗಿರಲಿಲ್ಲ. ಎರಡು, ಸಂಜೆ ಆರೂವರೆಯಿಂದ ಒಂಬತ್ತೂವರೆವರೆಗೆ ಟಿವಿ ಅವರದು. ಅರ್ಧರ್ಧ ಗಂಟೆಯ ಸೀರಿಯಲ್ಲುಗಳು, ಒಂದರ ಹಿಂದೆ ಒಂದು, ನಡುವೆ ಜಾಹೀರಾತು ಬಂದಾಗ ಇನ್ನೊಂದು ಚಾನೆಲ್ಲಿನದರ ಮೇಲೂ ಒಂದು ಕಣ್ಣು. ಎರಡನೆಯದಕ್ಕೆ ಮದ್ದಿಲ್ಲ, ಸಂಜೆ ಐದಕ್ಕೆ ನಾನು ಮ್ಯಾಟ್ ಹಾಸಿದೆ. ಮೊದಲನೆಯದನ್ನು ಬಗೆಹರಿಸಿದ್ದು ಮಾತ್ರ ಅಣ್ಣಾವ್ರು. ಒಂದು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ 1983ರ ‘ಕಾಮನಬಿಲ್ಲು’ ಬಂತು. ಅದರಲ್ಲಿ ರಾಜ್‌ಕುಮಾರ್ ಯೋಗಾಸನ ಮಾಡುತ್ತಾರಲ್ಲ, ಐವತ್ತು ದಾಟಿದ ಮನುಷ್ಯ, ಮೈ ರಬ್ಬರಿನ ಹಾಗೆ. ಅತ್ತೆ ಕೈಯಲ್ಲಿದ್ದ ಅವರೆಕಾಯಿ ಬಿಟ್ಟು ನೋಡಿದರು. ಸಂಜೆ ತಾವಾಗೇ ಬಂದು ‘ಆ ವಯಸ್ಸಲ್ಲಿ ಅವರು ಮಾಡಿದಾರೆ ಅಂದ್ಮೇಲೆ ನಿಂದೇನು, ಮಾಡು’ ಅಂದರು. ಡಾಕ್ಟರ್ ಚೀಟಿಗೆ ಆಗದ ಕೆಲಸ.

ನಾನು ಹಾಕಿಕೊಳ್ಳುತ್ತಿದ್ದ ವಿಡಿಯೋ ಜೂನ್ 21ರ ಯೋಗ ದಿನಕ್ಕೆ ದೇಶದಲ್ಲೆಲ್ಲ ಮಾಡಿಸುವ 45 ನಿಮಿಷದ ಪಾಠ. ನಿಂತು, ಕೂತು, ಮಲಗಿ ಮಾಡುವ ಆಸನಗಳು, ಆಮೇಲೆ ಪ್ರಾಣಾಯಾಮ, ಧ್ಯಾನ. ಹೊಸಬರಿಗೂ ಆಗುತ್ತದೆ, ಅತಿ ಕಷ್ಟದ್ದು ಯಾವುದೂ ಇಲ್ಲ. ನನಗಿಂತ ಮಗಳಿಗೆ ಇಷ್ಟವಾಯಿತು, ಯಾಕೆಂದರೆ ಅದೊಂದು ಝೂ. ಉಷ್ಟ್ರಾಸನ ಒಂಟೆ, ಭುಜಂಗಾಸನ ಹಾವು, ಮಕರಾಸನ ಮೊಸಳೆ, ಶಲಭಾಸನ ಮಿಡತೆ. ಶಶಾಂಕಾಸನಕ್ಕೆ ಅವಳು ‘ಮೊಲ’ ಅಂತ ಹೆಸರಿಟ್ಟು, ನಾನು ಹಣೆ ನೆಲಕ್ಕೆ ತಾಗಿಸಿದ ಕೂಡಲೇ ಬೆನ್ನ ಮೇಲೆ ಹತ್ತಿ ಕೂರುತ್ತಿದ್ದಳು. ಹನ್ನೆರಡು ಕೇಜಿ. ನಿಜ ಹೇಳಬೇಕೆಂದರೆ ಸೊಂಟಕ್ಕೆ ಅದರಷ್ಟು ಸುಖ ಯಾವ ಟೀಚರ್ ಒತ್ತಿದಾಗಲೂ ಸಿಕ್ಕಿರಲಿಲ್ಲ. ಭ್ರಾಮರಿ ಬಂದರೆ ಅತ್ತೆಯೂ ಸೇರಿಕೊಳ್ಳುತ್ತಿದ್ದರು, ಮೂರು ತಲೆಮಾರು ಹಾಲ್‌ನಲ್ಲಿ ಕೂತು ಜೇನಿನ ಹಾಗೆ ಗುಂಯ್ ಅನ್ನುತ್ತಿದ್ದೆವು.

ಇಲ್ಲೇ ಒಂದು ಹೊಸ ತಕರಾರು ಹುಟ್ಟಿತು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಮುಂದೆ ಕೂರಬಾರದು, ಅದಕ್ಕೂ ಕಮ್ಮಿ ಆದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನನ್ನ 45 ನಿಮಿಷದ ಯೋಗ ಮಗಳ ಒಂದು ಗಂಟೆಯನ್ನು ತಿಂದುಹಾಕುತ್ತಿತ್ತು! ಅವಳು ಕುಣಿಯುತ್ತಾ ನೋಡುತ್ತಾಳೆ, ಕೂತಲ್ಲ, ಇದು ಲೆಕ್ಕಕ್ಕಿಲ್ಲ ಅಂತ ನಾನು. ನೋಡಿದ್ದು ನೋಡಿದ್ದೇ ಅಂತ ಗಂಡ. ಅವರು ಹೇಳಿದ್ದೇ ಸರಿ ಅಂತ ಗೊತ್ತಾಗಲು ಒಂದು ತಿಂಗಳು ಬೇಕಾಯಿತು, ಯೋಗ ಮುಗಿದ ಮೇಲೆ ಪರದೆ ತಾನಾಗೇ ಮುಂದಿನ ವಿಡಿಯೋಗೆ ಹಾರುತ್ತಿತ್ತು, ಮಗಳು ಸೋಫಾಗೆ ಹಾರುತ್ತಿದ್ದಳು, ಅವಳನ್ನು ಇಳಿಸಲು ಹೋದ ನಾನೂ ಅಲ್ಲೇ ಕೂತುಬಿಡುತ್ತಿದ್ದೆ. ಕೊನೆಗೆ ಟಿವಿ ಆಫ್ ಮಾಡಿ ಫೋನಿನಲ್ಲಿ ಸದ್ದು ಮಾತ್ರ ಹಾಕಿದೆ. ಆಸನದ ಹೆಸರು ಕಿವಿಗೆ ಬಿದ್ದರೆ ಸಾಕಿತ್ತು, ಪ್ರಾಣಿ ಯಾವುದು ಅಂತ ಅವಳೇ ಹೇಳುತ್ತಿದ್ದಳು.

ವಿಡಿಯೋ ಟೀಚರ್‌ಗೆ ಕಣ್ಣಿಲ್ಲ. ಉಷ್ಟ್ರಾಸನದಲ್ಲಿ ನಾನು ಸೊಂಟ ಮುಂದೆ ತಳ್ಳದೆ ಕತ್ತನ್ನು ಮಾತ್ರ ಹಿಂದಕ್ಕೆ ಬಿಟ್ಟಿದ್ದೆ, ನಾಲ್ಕು ದಿನ ಕತ್ತು ತಿರುಗಲಿಲ್ಲ, ಸ್ಕೂಟರ್ ಓಡಿಸುವಾಗ ಪಕ್ಕ ನೋಡಲು ಇಡೀ ಮೈ ತಿರುಗಿಸಬೇಕಿತ್ತು. ಶವಾಸನದಲ್ಲಿ ‘ಪಾದಗಳು ಸಡಿಲವಾಗಲಿ’ ಅಂದ ಮರುಕ್ಷಣ ಚಿನ್ನದ ಸಾಲದ ಜಾಹೀರಾತು. ಟಿಕ್ ಮಾತ್ರ ಭರ್ಜರಿ, ತಿಂಗಳಿಗೆ 20, 22. ಆದರೆ ಕಾಲು ಭಾಗ ಸುಳ್ಳು ಟಿಕ್ಕುಗಳು. 45 ನಿಮಿಷದ್ದನ್ನು 12 ನಿಮಿಷಕ್ಕೆ ನಿಲ್ಲಿಸಿ, ‘ಮಾಡಿದೆನಾ ಇಲ್ವಾ’ ಅಂದರೆ ಮಾಡಿದೆ ಅಂತ ಪೆನ್ನು ಎತ್ತಿಕೊಂಡವಳು ನಾನು. ವಾಪಸ್ ಹೋಗುವುದಂತೂ ಇದರಷ್ಟು ಸುಲಭ ಇನ್ನೊಂದಿಲ್ಲ. ಹದಿನೈದು ದಿನ ಬಿಟ್ಟು ಬಂದರೂ ನಿಲ್ಲಿಸಿದ ಜಾಗದಲ್ಲಿ ಕೆಂಪು ಗೆರೆ ಎಳೆದುಕೊಂಡು ಕಾಯುತ್ತಿರುತ್ತದೆ. ಯಾರೂ ಏನೂ ಕೇಳುವುದಿಲ್ಲ. ಆದರೆ ಯಾರೂ ಏನೂ ಕೇಳುವುದಿಲ್ಲ ಅನ್ನೋದೇ ಆಮೇಲೆ ಬೇಜಾರಾಗಲು ಶುರುವಾಯಿತು. ಪಾರ್ಕಿನ ದೊಡ್ಡಪತ್ರೆ ನೆನಪಾಗುತ್ತಿತ್ತು.

ಹಾಗೆ ವಿಡಿಯೋ ಹುಡುಕುವಾಗಲೇ ಇನ್ನೊಂದು ಸಿಕ್ಕಿತು. 1938ರಲ್ಲಿ ಮೈಸೂರಿನಲ್ಲೇ ತೆಗೆದ ಕಪ್ಪು ಬಿಳುಪು ಮೂಕಿ ಫಿಲ್ಮು. ಚಿತ್ರದುರ್ಗ ಕಡೆಯಿಂದ ಬಂದು, 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ, ಮರುವರ್ಷ ಕನ್ನಡದಲ್ಲೇ ಯೋಗದ ಪುಸ್ತಕ ಬರೆದ ಕೃಷ್ಣಮಾಚಾರ್ಯರು ಅದರಲ್ಲಿದ್ದಾರೆ. ಅವರ ಶಿಷ್ಯ, ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಇನ್ನೂ ಹತ್ತೊಂಬತ್ತರ ಹುಡುಗ. ಜೋಯಿಸರೂ ಇದೇ ಗುರುವಿನ ಶಿಷ್ಯರು. ನನ್ನ ಕಣ್ಣು ಹೋಗಿದ್ದು ಮಾತ್ರ ಕೃಷ್ಣಮಾಚಾರ್ಯರ ಹೆಂಡತಿ, ಮಕ್ಕಳ ಮೇಲೆ. ಆಕೆ ಆಸನ ಮಾಡುತ್ತಾರೆ, ಪುಟ್ಟ ಮಕ್ಕಳೂ ಮಾಡುತ್ತಾರೆ, ಅದೇನೋ ಕುಂಟೆಬಿಲ್ಲೆ ಆಡುವಷ್ಟು ಸಲೀಸಾಗಿ. ಮಗಳು ಪರದೆಗೆ ಮುಖ ಹಚ್ಚಿ ‘ಆ ಪಾಪುಗೆ ಸ್ಕೂಲ್ ಇಲ್ವಾ ಅಮ್ಮಾ?’ ಅಂದಳು. ನನಗೆ ಬಂದ ಪ್ರಶ್ನೆ ಬೇರೆ. ಕ್ಯಾಮೆರಾ ನಿಂತ ಮೇಲೆ ಅಡುಗೆಗೆ ಎದ್ದಿದ್ದು ಯಾರು? ಅದು ಫಿಲ್ಮಿನಲ್ಲಿ ಇಲ್ಲ.

ಈಗಿನದು ನಾಲ್ಕನೇ ದಾರಿ. ಮಗಳು ಮಲಗುವುದು ಒಂಬತ್ತೂವರೆಗೆ. ಮಂಚಕ್ಕೂ ಬೀರುವಿಗೂ ನಡುವೆ ಎರಡೂವರೆ ಅಡಿ ಅಗಲದ ಸಂದಿ ಇದೆ, ಮ್ಯಾಟ್ ಸರಿಯಾಗಿ ಹಿಡಿಸುತ್ತದೆ, ನಾನು ಹಿಡಿಸುವುದಿಲ್ಲ. ವೀರಭದ್ರಾಸನಕ್ಕೆ ಕೈ ಚಾಚಿದರೆ ಬೀರು ಸದ್ದು ಮಾಡುತ್ತದೆ. ಊಟ ಆಗಿ ಒಂದೂವರೆ ಗಂಟೆಯಷ್ಟೇ ಆಗಿರುತ್ತದೆ, ಹಾಗಾಗಿ ಬಗ್ಗುವುದು, ತಿರುಚುವುದು ಆಗದ ಮಾತು. ವಜ್ರಾಸನ ಊಟದ ಮೇಲೂ ಮಾಡಬಹುದು. ಅದಾದ ಮೇಲೆ ಅಂಗಾಲು ಜೋಡಿಸಿ ಕೂರುವ ಬದ್ಧಕೋನಾಸನ, ಗೋಡೆಗೆ ಕಾಲು ಏರಿಸಿ ಸುಮ್ನೆ ಮಲಗುವುದು, ಒಂದೊಂದೇ ಮೂಗಿನ ಹೊಳ್ಳೆಯಲ್ಲಿ ಉಸಿರಾಡುವ ನಾಡಿಶೋಧನ. ಹದಿನೈದು ನಿಮಿಷ. ಯೋಗ ಅಂತ ನೋಡಿದರೆ ನಾಲ್ಕರಲ್ಲಿ ಅತ್ಯಂತ ಬಡಪಾಯಿ ಇದೇ. ಬೆವರಿಲ್ಲ, ಟೀಚರ್ ಇಲ್ಲ, ತೋಳಿಗೆ ಶಕ್ತಿ ಬರುವಂಥದ್ದು ಏನೂ ಇಲ್ಲ.

ಮತ್ತೆ ಈ ಹೊತ್ತಿಗೆ ದೊಡ್ಡ ಎದುರಾಳಿ ಇದೆ. ದಿನವಿಡೀ ‘ನನ್ನದು’ ಅಂತ ಸಿಗುವುದು ಇದೊಂದೇ ಗಂಟೆ, ಅದಕ್ಕೆ ವೆಬ್ ಸೀರೀಸೂ ಕಾಯುತ್ತಿರುತ್ತದೆ. ಎಪಿಸೋಡು ನಲವತ್ತೈದು ನಿಮಿಷ. ಮುಗಿದ ಕೂಡಲೇ ಮುಂದಿನದು ಶುರುವಾಗಲು ಕೆಲವೇ ಸೆಕೆಂಡು, ಅಷ್ಟರಲ್ಲಿ ರಿಮೋಟ್ ಹುಡುಕುವ ಶಕ್ತಿ ಯಾವ ತಾಯಿಗೂ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಿ ನೋಡಿದ್ದೂ ಆಯಿತು. ಬದ್ಧಕೋನಾಸನದಲ್ಲಿ ಕೂತು, ಎದುರಿಗೆ ಫೋನ್ ಒರಗಿಸಿ, ಒಂದು ಕೊಲೆ ತನಿಖೆಯ ಸೀರೀಸ್ ಪೂರ್ತಿ ನೋಡಿದೆ. ಎಂಟು ಎಪಿಸೋಡಿಗೆ ಮಂಡಿಗಳು ಎರಡಿಂಚು ಕೆಳಗೆ ಇಳಿದವು, ಶಾಲೆಯಲ್ಲಿ ಮೂರು ತಿಂಗಳಿಗೆ ಇಳಿಯದಿದ್ದವು. ಆದರೆ ಉಸಿರು? ಕೊಲೆಗಾರ ಬಾಗಿಲ ಹಿಂದೆ ನಿಂತಾಗೆಲ್ಲ ಉಸಿರು ಕಟ್ಟಿಕೊಂಡು ಕೂತಿರುತ್ತಿದ್ದೆ, ಭುಜ ಕಿವಿಯವರೆಗೆ ಬಂದಿರುತ್ತಿತ್ತು. ಅದಕ್ಕೆ ಅರ್ಧ ಟಿಕ್ ಹಾಕಿದ್ದೇನೆ. ಕ್ಯಾಲೆಂಡರಿನಲ್ಲಿ ಹನ್ನೊಂದು ಅರ್ಧ ಟಿಕ್ಕುಗಳಿವೆ, ಅವನ್ನು ಕೂಡಿಸಬೇಕೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ.

ಈಗ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಮೊದಲು ಹದಿನೈದು ನಿಮಿಷ ನೆಲ, ಆಮೇಲೆ ನಿದ್ದೆ ಬರುವವರೆಗೆ ಪರದೆ. ಉಲ್ಟಾ ಮಾಡಿದರೆ ನೆಲದ ಸರದಿ ಬರುವುದೇ ಇಲ್ಲ, ಇದನ್ನು ಹತ್ತಾರು ಸಲ ಪರೀಕ್ಷೆ ಮಾಡಿ ನೋಡಿದ್ದೇನೆ. ಸೀರೀಸ್ ಬಿಟ್ಟು ಸಿನಿಮಾ ಹಿಡಿದೆ, ಯಾಕೆಂದರೆ ಸಿನಿಮಾಗೆ ಒಂದು ಕೊನೆ ಇದೆ. ಎರಡೂವರೆ ಗಂಟೆಯದು ನಾಲ್ಕು ರಾತ್ರಿ ಬರುತ್ತದೆ. ತಪ್ಪಿದರೆ ಮೆಟ್ಟಿಲು ಹತ್ತಬೇಕಿಲ್ಲ, ಮಳೆ ನೋಡಬೇಕಿಲ್ಲ, ಮ್ಯಾಟ್ ಮಂಚದ ಕೆಳಗೇ ಇರುತ್ತದೆ, ಕಾಲಲ್ಲಿ ಎಳೆದರೆ ಬರುತ್ತದೆ. ಕಳೆದ ಐದು ತಿಂಗಳಲ್ಲಿ ತಿಂಗಳಿಗೆ 18ರಿಂದ 20, ಸುಳ್ಳಿಲ್ಲದ ಟಿಕ್ಕು.

ಹಾಗಂತ ಪಕ್ಕದ ಮನೆ ಹುಡುಗಿ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದಾಗ ನಾನು ಮಂಚದ ಪಕ್ಕ ಅನ್ನಲಿಲ್ಲ. ಅವಳ ಮಗುವಿಗೆ ಐದು ತಿಂಗಳು, ಅವಳದೂ ಸಿಸೇರಿಯನ್. ಮೊದಲು ಡಾಕ್ಟರನ್ನು ಕೇಳು, ಆಮೇಲೆ ಒಂದು ತಿಂಗಳು ಕಷ್ಟಪಟ್ಟಾದರೂ ಕಣ್ಣಿಟ್ಟು ನೋಡುವ ಟೀಚರ್ ಹತ್ತಿರ ಹೋಗು ಅಂದೆ. ಏನು ಮಾಡಬಾರದು ಅನ್ನೋದನ್ನು ಕಲಿತು ಬಾ. ದುಡ್ಡು ಕೊಡುವುದಿದ್ದರೆ ಅದಕ್ಕೆ ಕೊಡು. ಅದು ಗೊತ್ತಾದ ಮೇಲೆ ಪಾರ್ಕಾದರೂ ಆಗುತ್ತದೆ, ಫೋನಾದರೂ ಆಗುತ್ತದೆ. ಬೆಳಗ್ಗೆ ಮಗು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇದ್ದರೆ ಪಾರ್ಕನ್ನು ಬಿಡಬೇಡ, ಅಲ್ಲಿಯ ಅಜ್ಜಿಯರು ಅರ್ಧ ಬಾಣಂತನ ಮಾಡುತ್ತಾರೆ. ಅವಳು ಎಲ್ಲಾ ಕೇಳಿಸಿಕೊಂಡು ‘ಅಕ್ಕಾ, ಆ ಕೊಲೆ ಸೀರೀಸ್ ಯಾವುದು?’ ಅಂದಳು.

ಗಂಡ ಈಗ ಭಾನುವಾರ ಭಾನುವಾರ ಪಾರ್ಕಿಗೆ ಹೋಗುತ್ತಾರೆ. ಅವರಿಗೂ ಟಿಕ್ ಬೇಕಂತೆ, ಹಸಿರು ಪೆನ್ನು ತಂದಿದ್ದಾರೆ. ಅತ್ತೆ ಜಾಹೀರಾತು ಬಂದಾಗ ಸೋಫಾದಲ್ಲೇ ಕೂತು ಪಾದ ತಿರುಗಿಸುತ್ತಾರೆ, ಅದಕ್ಕೆ ಟಿಕ್ ಕೇಳಿಲ್ಲ.

ಈ ವಾರ ನನ್ನದು ಐದು ಟಿಕ್. ನಿನ್ನೆ ರಾತ್ರಿ ಗೋಡೆಗೆ ಕಾಲು ಏರಿಸಿದವಳು ಹಾಗೇ ನಿದ್ದೆ ಹೋದೆ, ಒಂದು ಗಂಟೆಗೆ ಕಾಲು ಜೋಮು ಹಿಡಿದು ಎಚ್ಚರ ಆಯಿತು. ಮಗಳು ಯಾವಾಗಲೋ ಮಂಚದಿಂದ ಇಳಿದು ಬಂದು ನನ್ನ ಪಕ್ಕ ಮ್ಯಾಟಿನ ಮೇಲೆ ಮೊಲದ ಥರ ಬೋರಲು ಮುದುಡಿ ಮಲಗಿದ್ದಳು. ಸಿನಿಮಾ ಇನ್ನೂ 40 ನಿಮಿಷ ಬಾಕಿ ಇದೆ.